ಸಾಲಿಡ್ ಮೆಕ್ಯಾನಿಕ್ಸಾ, ಮೆಟೀರಿಯಲ್ಸಾ? ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೊಂದು ಹೋಲಿಕೆ

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ವಿಂಡ್‌ಮಿಲ್‌ಗಳನ್ನು ನೀವು ನೋಡಿಯೇ ಇರುತ್ತೀರಿ. ಅದರ ಒಂದು ರೆಕ್ಕೆಯನ್ನು ತೆಗೆದುಕೊಳ್ಳೋಣ. ನಿಮಿಷಕ್ಕೆ 15 ಸುತ್ತು ಅಂತ ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 78 ಲಕ್ಷ ಸುತ್ತು. ಬಿಡದೆ ತಿರುಗಿದರೆ 20 ವರ್ಷಕ್ಕೆ 15 ಕೋಟಿ ದಾಟುತ್ತದೆ. ಪ್ರತಿ ಸುತ್ತಿನಲ್ಲೂ ರೆಕ್ಕೆ ತನ್ನ ಭಾರಕ್ಕೇ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗುತ್ತದೆ. ಇಷ್ಟು ಸಲ ಬಾಗಿದರೂ ಮುರಿಯಬಾರದು.

ಘನ ವಸ್ತುವಿನ ಮೇಲೆ ಬಲ ಬಿದ್ದಾಗ ಏನಾಗುತ್ತದೆ ಅಂತ ಓದುವ ಸಾಲಿಡ್ ಮೆಕ್ಯಾನಿಕ್ಸ್‌ನವರು ಈ ರೆಕ್ಕೆ ನೋಡಿ ಕೇಳುವುದು: ಒತ್ತಡ ಎಲ್ಲಿ ಜಾಸ್ತಿ ಬೀಳುತ್ತದೆ, ಎಷ್ಟು ಬಾಗುತ್ತದೆ, ಬಿರುಕು ಎಲ್ಲಿ ಹುಟ್ಟುತ್ತದೆ, ಹುಟ್ಟಿದ್ದು ಎಷ್ಟು ಬೇಗ ಬೆಳೆಯುತ್ತದೆ. ವಸ್ತುವಿನ ಒಳರಚನೆ, ಗುಣ ಓದುವ ಮೆಟೀರಿಯಲ್ಸ್‌ನವರು ಕೇಳುವುದು ಬೇರೆ: ಗಾಜಿನ ನಾರನ್ನು ಎಪಾಕ್ಸಿ ಅನ್ನುವ ಅಂಟು ಸರಿಯಾಗಿ ಹಿಡಿದಿದೆಯಾ, ಬಿಸಿಲು ಮಳೆಗೆ ಆ ಹಿಡಿತ ಏನಾಗುತ್ತದೆ, ಧೂಳು ಬಡಿದು ಮುಂದಿನ ಅಂಚು ಯಾಕೆ ಸವೆಯುತ್ತದೆ, ಇದಕ್ಕಿಂತ ಒಳ್ಳೆಯ ವಸ್ತು ಮಾಡಬಹುದಾ. ವಸ್ತು ಒಂದೇ, ಪ್ರಶ್ನೆಗಳು ಬೇರೆ. ಎರಡಕ್ಕೂ ಸಂಶೋಧನೆ ಇದೆ, ಎರಡಕ್ಕೂ ಕೆಲಸ ಇದೆ.

ಬಿಐಇಟಿ, ಯುಬಿಡಿಟಿ, ಜಿಎಂ, ಚಿತ್ರದುರ್ಗದ ಎಸ್‌ಜೆಎಂಐಟಿಯಂಥ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಅಥವಾ ಸಿವಿಲ್ ಓದುತ್ತಿರುವ ಮೂರನೇ, ನಾಲ್ಕನೇ ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಇದನ್ನು ಓದುವ ಅಪ್ಪ ಅಮ್ಮಂದಿರಿಗೂ ಹೇಳುವುದಿದೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವುದಕ್ಕೆ ಸ್ಕೋಪ್ ಜಾಸ್ತಿ ಅಂತ ಕೇಳಿ ಆರಿಸಬೇಡಿ. ಆ ಕ್ಷೇತ್ರದ ಒಂದು ಸಾಧಾರಣ ದಿನದ ಕೆಲಸ ನಿಮ್ಮ ಕೈಗೆ, ತಲೆಗೆ ಒಗ್ಗುತ್ತದಾ ಅಂತ ನೋಡಿ ಆರಿಸಿ. ಅದನ್ನು ಇಲ್ಲೇ, ನಿಮ್ಮ ಕಾಲೇಜಿನ ಲ್ಯಾಬಿನಲ್ಲೇ ನೋಡಬಹುದು.

ಸಾಲಿಡ್ ಮೆಕ್ಯಾನಿಕ್ಸ್‌ನ ಒಂದು ದಿನ

ಒಂದು ಅಗಲವಾದ ತಗಡು, ನಡುವೆ ಸಣ್ಣ ದುಂಡು ತೂತು, ಎರಡೂ ಕಡೆಯಿಂದ ಎಳೆಯುತ್ತಿದ್ದೀರಿ. ತೂತಿನ ಅಂಚಿನಲ್ಲಿ ಒತ್ತಡ ಮೂರು ಪಟ್ಟು ಆಗುತ್ತದೆ ಅಂತ ಕಿರ್ಶ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಇದನ್ನು ಎಫ್‌ಇಎ ಸಾಫ್ಟ್‌ವೇರಿನಲ್ಲಿ ಮಾಡಿ ನೋಡಿ. ವಸ್ತುವನ್ನು ಎಲಿಮೆಂಟ್ ಅನ್ನುವ ಸಣ್ಣ ತುಂಡುಗಳ ಜಾಲವಾಗಿ, ಅಂದರೆ ಮೆಶ್ ಆಗಿ, ಒಡೆದು ಲೆಕ್ಕ ಹಾಕುವ ಸಾಫ್ಟ್‌ವೇರ್ ಅದು. ಆನ್ಸಿಸ್‌ನ ಸ್ಟೂಡೆಂಟ್ ಆವೃತ್ತಿ ಉಚಿತ. ಕ್ಯಾಲ್ಕ್ಯುಲಿಕ್ಸ್ ಅಂತೂ ಪೂರ್ತಿ ಉಚಿತ. ಮೊದಲು ದೊಡ್ಡ ದೊಡ್ಡ ಎಲಿಮೆಂಟ್ ಹಾಕಿ, ಉತ್ತರ ಸರಿಯಾಗಿ ಬರುವುದಿಲ್ಲ. ತೂತಿನ ಸುತ್ತ ಮೆಶ್ ಸಣ್ಣ ಮಾಡುತ್ತಾ ಹೋಗಿ. ಉತ್ತರ ಮೂರರ ಹತ್ತಿರ ಬಂದು ನಿಲ್ಲುತ್ತದೆ.

ಈಗ ತೂತು ಬಿಟ್ಟು ಎಲ್ ಆಕಾರದ ಬ್ರಾಕೆಟ್ ತೆಗೆದುಕೊಳ್ಳಿ. ಒಳಮೂಲೆ ಚೂಪಾಗಿರಲಿ. ಮೆಶ್ ಸಣ್ಣ ಮಾಡಿ, ಒತ್ತಡ ಏರುತ್ತದೆ. ಇನ್ನೂ ಸಣ್ಣ ಮಾಡಿ, ಇನ್ನೂ ಏರುತ್ತದೆ. ಎಲ್ಲೂ ನಿಲ್ಲುವುದಿಲ್ಲ. ಹೊಸಬರು ಆ ಕೆಂಪು ಬಣ್ಣದ ದೊಡ್ಡ ಸಂಖ್ಯೆಯನ್ನೇ ರಿಪೋರ್ಟಿನಲ್ಲಿ ಬರೆದು ಕೊಡುತ್ತಾರೆ. ಪಳಗಿದವರಿಗೆ ಗೊತ್ತು, ಸ್ಥಿತಿಸ್ಥಾಪಕ ಸಿದ್ಧಾಂತದ ಪ್ರಕಾರ ಆ ಮೂಲೆಯಲ್ಲಿ ಒತ್ತಡ ಅನಂತ, ಹಾಗಾಗಿ ಆ ಸಂಖ್ಯೆಗೆ ಬೆಲೆ ಇಲ್ಲ. ಅವರು ಮೂಲೆಗೆ ನಿಜವಾದ ಫಿಲೆಟ್, ಅಂದರೆ ದುಂಡಗಿನ ತಿರುವು, ಕೊಟ್ಟು ಮತ್ತೆ ಲೆಕ್ಕ ಹಾಕುತ್ತಾರೆ, ಇಲ್ಲ ಬಿರುಕಿನ ಸಿದ್ಧಾಂತಕ್ಕೆ ಹೋಗುತ್ತಾರೆ. ಸಾಫ್ಟ್‌ವೇರ್ ಒತ್ತಲು ಕಲಿತವರಿಗೂ ವಿಷಯ ಕಲಿತವರಿಗೂ ಇರುವ ವ್ಯತ್ಯಾಸ ಇದೇ. ಮುಂದೆ ಸಂಬಳ, ಜವಾಬ್ದಾರಿ ಎರಡನ್ನೂ ತೀರ್ಮಾನ ಮಾಡುವುದೂ ಇದೇ.

ಆ ಬಿರುಕಿನ ಸಿದ್ಧಾಂತ ಶುರುವಾದದ್ದು ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಕೆಲಸದಿಂದ. ಗಾಜು ಲೆಕ್ಕಕ್ಕಿಂತ ಅಷ್ಟು ಸುಲಭವಾಗಿ ಯಾಕೆ ಒಡೆಯುತ್ತದೆ ಅನ್ನುವುದು ಅವರ ಪ್ರಶ್ನೆ. ಒಳಗಿರುವ ಸಣ್ಣ ಬಿರುಕುಗಳೇ ಕಾರಣ, ಬಿರುಕು ಬೆಳೆಯಲು ಬೇಕಾದ ಶಕ್ತಿಯ ಲೆಕ್ಕ ಹಾಕಬೇಕು ಅಂತ ತೋರಿಸಿದರು. ನಮ್ಮ ಕಡೆ ಕಲ್ಲು ಒಡೆಯುವವರು ಬಂಡೆಗೆ ಸಾಲಾಗಿ ಗುಳಿ ತೋಡಿ, ಬೆಣೆ ಇಟ್ಟು, ಒಂದೊಂದೇ ಪೆಟ್ಟು ಹಾಕುತ್ತಾ ಬರುವುದನ್ನು ನೋಡಿದ್ದೀರಲ್ವಾ? ಇಡೀ ಬಂಡೆಯನ್ನು ಒಂದೇ ಏಟಿಗೆ ಸೀಳುವ ಬಲ ಯಾರಿಗೂ ಇಲ್ಲ. ಗುಳಿಯಿಂದ ಗುಳಿಗೆ ಬಿರುಕು ಓಡುವ ಹಾಗೆ ಮಾಡಿದರೆ ಸಾಕು, ಗ್ರಾನೈಟ್ ತಾನಾಗಿ ಬಾಯಿ ಬಿಡುತ್ತದೆ. ಅದನ್ನು ನೋಡಿ ಯಾಕೆ ಹೀಗೆ ಅಂತ ಗಣಿತ ಬರೆಯಬೇಕು ಅನಿಸಿದವರಿಗೆ ಈ ದಾರಿ.

ಒಂದು ಎಚ್ಚರಿಕೆ. ಇಲ್ಲಿ ಗಣಿತ ಬಿಡುವುದಿಲ್ಲ. ಟೆನ್ಸರ್, ಡಿಫರೆನ್ಷಿಯಲ್ ಸಮೀಕರಣ, ಒಂದಷ್ಟು ಪ್ರೋಗ್ರಾಮಿಂಗ್, ಇವು ದಿನದ ಊಟ. ಗಣಿತ ಕಂಡರೆ ಭಯ ಅನ್ನುವವರು ಎಂ.ಟೆಕ್‌ನ ಮೊದಲ ಸೆಮಿಸ್ಟರಿನಲ್ಲೇ ಸುಸ್ತಾಗುತ್ತಾರೆ.

ಮೆಟೀರಿಯಲ್ಸ್‌ನ ಒಂದು ದಿನ

ಇಲ್ಲಿ ಕೈ ಕೆಲಸ ಜಾಸ್ತಿ. ಇಎನ್8 ಉಕ್ಕಿನ ಸರಳಿನಿಂದ ಎರಡು ತುಂಡು ಕತ್ತರಿಸಿ. ಎರಡನ್ನೂ 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಒಂದನ್ನು ಗಾಳಿಯಲ್ಲಿ ಆರಲು ಬಿಡಿ, ಇನ್ನೊಂದನ್ನು ಸೀದಾ ನೀರಿಗೆ ಹಾಕಿ. ಆಮೇಲೆ ಎಮೆರಿ ಪೇಪರ್ ಮೇಲೆ ಉಜ್ಜಬೇಕು: 220, 400, 600, 800, 1000. ಪ್ರತಿ ಪೇಪರಿಗೂ ತುಂಡನ್ನು ಅಡ್ಡಕ್ಕೆ ತಿರುಗಿಸಿ, ಹಿಂದಿನ ಗೀರು ಪೂರ್ತಿ ಹೋಗುವ ತನಕ ಉಜ್ಜಿ. ಕೊನೆಗೆ ಬಟ್ಟೆಯ ಮೇಲೆ ಡೈಮಂಡ್ ಪೇಸ್ಟ್ ಹಾಕಿ ಕನ್ನಡಿಯಂತೆ ಮಾಡಿ. ನೈಟಾಲ್ (ಆಲ್ಕೋಹಾಲಿನಲ್ಲಿ ಸ್ವಲ್ಪ ನೈಟ್ರಿಕ್ ಆಮ್ಲ) ದ್ರಾವಣದಲ್ಲಿ ಕೆಲವೇ ಸೆಕೆಂಡು ಅದ್ದಿ, ಆಲ್ಕೋಹಾಲಿನಲ್ಲಿ ತೊಳೆದು, ಒಣಗಿಸಿ, ಮೈಕ್ರೋಸ್ಕೋಪಿನ ಕೆಳಗೆ ಇಡಿ. ನೈಟಾಲ್‌ನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟರೆ ಕಪ್ಪಾಗಿ ಏನೂ ಕಾಣುವುದಿಲ್ಲ, ಮತ್ತೆ ಪಾಲಿಶ್‌ನಿಂದ ಶುರು.

ಸರಿಯಾಗಿ ಬಂದರೆ ಗಾಳಿಯಲ್ಲಿ ಆರಿದ ತುಂಡಿನಲ್ಲಿ ಬಿಳಿಯ ಫೆರೈಟ್, ಕಪ್ಪನೆಯ ಪರ್ಲೈಟ್ ಕಾಣುತ್ತದೆ. ನೀರಿಗೆ ಹಾಕಿದ್ದರಲ್ಲಿ ಸೂಜಿ ಸೂಜಿಯಂಥ ಮಾರ್ಟೆನ್‌ಸೈಟ್. ಎರಡರ ರಾಸಾಯನಿಕ ಸಂಯೋಜನೆ ಒಂದೇ. ಆದರೆ ಹಾರ್ಡ್‌ನೆಸ್ ಟೆಸ್ಟರಿನಲ್ಲಿ ಇಟ್ಟು ನೋಡಿ, ಎರಡು ಬೇರೆ ಲೋಹವೇ ಅನಿಸುತ್ತದೆ. ಒಳಗಿನ ರಚನೆ ಬದಲಾದರೆ ಗುಣ ಬದಲಾಗುತ್ತದೆ ಅನ್ನುವುದೇ ಈ ಇಡೀ ಕ್ಷೇತ್ರದ ತಳಪಾಯ. ವಿಮಾನದ ಎಂಜಿನ್ನಿನ ನಿಕಲ್ ಸೂಪರ್‌ಅಲಾಯ್ ಆಗಲಿ, ಬ್ಯಾಟರಿಯ ಎಲೆಕ್ಟ್ರೋಡ್ ಆಗಲಿ, ತ್ರೀಡಿ ಪ್ರಿಂಟ್ ಮಾಡಿದ ಟೈಟಾನಿಯಂ ಆಗಲಿ, ಕೇಳುವ ಪ್ರಶ್ನೆ ಇದೇ.

ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಒಂದಾದರೂ ಇದ್ದರೆ ಅದರ ಬೆಡ್ ಮುಟ್ಟಿ ನೋಡಿ. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಹೋಗಿದೆ, ಲೇತ್‌ಗಳು ಇನ್ನೂ ಓಡುತ್ತಿವೆ. ಲೇತ್ ಬೆಡ್‌ಗೆ ಗ್ರೇ ಕಾಸ್ಟ್ ಐರನ್ನೇ ಯಾಕೆ? ಅದರೊಳಗಿನ ಗ್ರಾಫೈಟ್ ಪದರಗಳು ಅದುರುವಿಕೆಯನ್ನು ನುಂಗಿಕೊಳ್ಳುತ್ತವೆ. ಅದೇ ಪದರಗಳ ತುದಿಯಿಂದಲೇ ಎಳೆದಾಗ ಬಿರುಕೂ ಹುಟ್ಟುತ್ತದೆ. ಎರಡು ಕ್ಷೇತ್ರಗಳೂ ಇಲ್ಲಿ ಒಂದೇ ಕಡೆ ಬಂದು ನಿಲ್ಲುತ್ತವೆ.

ಮೆಟೀರಿಯಲ್ಸ್‌ಗೆ ತಾಳ್ಮೆ ಬೇಕು. ಒಂದು ಸ್ಯಾಂಪಲ್ ಕೆಟ್ಟರೆ ವಾರ ಹೋಗಬಹುದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಸರತಿ ಕಾಯಬೇಕು. ಗಣಿತ ಬೇಕು, ಆದರೆ ರಸಾಯನಶಾಸ್ತ್ರ, ಭೌತಶಾಸ್ತ್ರದ ಮೇಲೆ ಪ್ರೀತಿ ಅದಕ್ಕಿಂತ ಜಾಸ್ತಿ ಬೇಕು.

ಕೆಲಸ ಎಲ್ಲಿ?

ಸಾಲಿಡ್ ಮೆಕ್ಯಾನಿಕ್ಸ್‌ನವರಿಗೆ ಬೆಂಗಳೂರೇ ದೊಡ್ಡ ಅನುಕೂಲ. ಜಿಇ, ಏರ್‌ಬಸ್, ಬೋಯಿಂಗ್, ರೋಲ್ಸ್ ರಾಯ್ಸ್, ಬಾಷ್, ಮರ್ಸಿಡಿಸ್ ಬೆಂಜ್ ಎಲ್ಲರ ಎಂಜಿನಿಯರಿಂಗ್ ಕೇಂದ್ರಗಳೂ ಅಲ್ಲಿವೆ. ಇವರಿಗೆ ಕೆಲಸ ಮಾಡಿಕೊಡುವ ಸರ್ವೀಸ್ ಕಂಪನಿಗಳೂ ಇವೆ. ಬಿಇ ಮುಗಿಸಿ ನೇರವಾಗಿ ಸಿಎಇ, ಅಂದರೆ ಕಂಪ್ಯೂಟರಿನಲ್ಲಿ ಎಂಜಿನಿಯರಿಂಗ್ ಲೆಕ್ಕ ಹಾಕುವ ಕೆಲಸಕ್ಕೆ ಸೇರಬಹುದು. ಶುರುವಿನಲ್ಲಿ ಬರೀ ಮೆಶಿಂಗ್ ಕೊಡುತ್ತಾರೆ, ಸಂಬಳ ಸಾಫ್ಟ್‌ವೇರಿನವರಿಗಿಂತ ಕಡಿಮೆ ಇರುತ್ತದೆ. ಎರಡು ಮೂರು ವರ್ಷ ಮೆಶಿಂಗ್‌ನಲ್ಲೇ ಉಳಿದವರು ಅಲ್ಲೇ ಉಳಿಯುತ್ತಾರೆ. ಫೆಟೀಗ್ (ಮತ್ತೆ ಮತ್ತೆ ಬಲ ಬಿದ್ದು ಸೋಲುವುದು), ಫ್ರಾಕ್ಚರ್ (ಬಿರುಕು ಬಿಟ್ಟು ಮುರಿಯುವುದು), ಕಾಂಪೋಸಿಟ್ (ನಾರು, ಅಂಟು ಸೇರಿಸಿ ಮಾಡಿದ ವಸ್ತು), ಕ್ರ್ಯಾಶ್, ಹೀಗೆ ಒಂದರಲ್ಲಿ ಆಳಕ್ಕೆ ಇಳಿದವರು ಮುಂದೆ ಹೋಗುತ್ತಾರೆ. ಹಾಗಾಗಿ ಬಿಇ ಆದ ಮೇಲೆ ಕೆಲಸ ಮಾಡಿದರೂ ಎಂ.ಟೆಕ್ ಯೋಚನೆ ಬಿಡಬೇಡಿ ಅನ್ನುತ್ತೇನೆ.

ಲಕ್ಷಾಂತರ ರೂಪಾಯಿ ಕೊಟ್ಟು ಪ್ಲೇಸ್‌ಮೆಂಟ್ ಗ್ಯಾರಂಟಿ ಅನ್ನುವ ಸಿಎಇ ಸರ್ಟಿಫಿಕೇಟ್ ಕೋರ್ಸಿಗೆ ಸೇರಬೇಡಿ. ಮನೆಯವರು ಸಾಲ ಮಾಡಿ ಕಟ್ಟುವಂಥದ್ದಲ್ಲ ಅದು. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ತಾಣದಲ್ಲಿ ಐಐಟಿ, ಐಐಎಸ್‌ಸಿ ಪ್ರೊಫೆಸರ್‌ಗಳ ಪಾಠ ಉಚಿತವಾಗಿ ಇದೆ. ಅದರ ಜೊತೆ ಒಂದು ಸಮಸ್ಯೆಯನ್ನು ಪೂರ್ತಿಯಾಗಿ, ಕೈ ಲೆಕ್ಕದ ಜೊತೆ ಹೋಲಿಸಿ ಮುಗಿಸಿದ ರಿಪೋರ್ಟ್ ಇದ್ದರೆ ಇಂಟರ್‌ವ್ಯೂನಲ್ಲಿ ಅದಕ್ಕೇ ತೂಕ.

ಮೆಟೀರಿಯಲ್ಸ್ ಕೆಲಸಗಳು ಒಂದೇ ಊರಿನಲ್ಲಿ ಗುಡ್ಡೆ ಬಿದ್ದಿಲ್ಲ. ನಮಗೆ ಹತ್ತಿರ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ಇದೆ. ಹೈದರಾಬಾದಿನಲ್ಲಿ ವಿಶೇಷ ಲೋಹಗಳ ಸರ್ಕಾರಿ ಕಾರ್ಖಾನೆ ಮಿಧಾನಿ, ಸಂಶೋಧನಾಲಯಗಳಾದ ಡಿಎಂಆರ್‌ಎಲ್, ಎಆರ್‌ಸಿಐ ಇವೆ. ಕಲ್ಪಾಕ್ಕಂನಲ್ಲಿ ಅಣು ಸಂಶೋಧನಾ ಕೇಂದ್ರ ಐಜಿಸಿಎಆರ್, ಜಮ್‌ಶೆಡ್‌ಪುರದಲ್ಲಿ ಲೋಹಗಳ ಪ್ರಯೋಗಾಲಯ ಎನ್‌ಎಂಎಲ್. ಹೊಸದಾಗಿ ಸೆಮಿಕಂಡಕ್ಟರ್ ಬಂದಿದೆ: ಗುಜರಾತಿನ ಸಾನಂದದಲ್ಲಿ ಮೈಕ್ರಾನ್, ಧೋಲೇರಾದಲ್ಲಿ ಮತ್ತು ಅಸ್ಸಾಮಿನ ಜಾಗಿರೋಡಿನಲ್ಲಿ ಟಾಟಾ. ಊರು ಬಿಟ್ಟು ದೂರ ಹೋಗಲು ತಯಾರಿರಬೇಕು. ಕೆಲಸಗಳ ಸಂಖ್ಯೆ ಕಡಿಮೆ, ಆದರೆ ವಿಷಯ ಗೊತ್ತಿರುವವರೂ ಕಡಿಮೆ.

ಚಿಪ್ ಪ್ಯಾಕೇಜಿಂಗ್ ಬಗ್ಗೆ ಒಂದು ಮಾತು. ಒಂದು ಡಿಗ್ರಿ ಬಿಸಿಯಾದರೆ ತಾಮ್ರ ಸಿಲಿಕಾನ್‌ಗಿಂತ ಸುಮಾರು ಆರು ಪಟ್ಟು ಹಿಗ್ಗುತ್ತದೆ. ಎರಡನ್ನೂ ಅಂಟಿಸಿಟ್ಟು ದಿನಾ ಬಿಸಿ ಮಾಡಿ ತಣಿಸಿದರೆ ನಡುವಿನ ಬೆಸುಗೆ ಬಿರುಕು ಬಿಡುತ್ತದೆ. ಈ ಲೆಕ್ಕ ಹಾಕಲು ಸಾಲಿಡ್ ಮೆಕ್ಯಾನಿಕ್ಸ್‌ನವರೇ ಬೇಕು. ಚಿಪ್ ಅಂದರೆ ಎಲೆಕ್ಟ್ರಾನಿಕ್ಸ್‌ನವರಿಗೆ ಮಾತ್ರ ಅಂತ ಮೆಕ್ಯಾನಿಕಲ್‌ನವರು ಸುಮ್ನೆ ಕೂರಬೇಕಿಲ್ಲ.

ಹೆಣ್ಣುಮಕ್ಕಳನ್ನು ಮೆಟಲರ್ಜಿಗೆ ಕಳಿಸಲು ನಮ್ಮ ಕಡೆ ಇನ್ನೂ ಹಿಂದೆ ಮುಂದೆ ನೋಡುತ್ತಾರೆ. ಫೌಂಡ್ರಿ, ಬೆಂಕಿ, ನೈಟ್ ಶಿಫ್ಟ್ ಅನ್ನುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಈ ಕ್ಷೇತ್ರದ ಬಹುಪಾಲು ಸಂಶೋಧನೆ ನಡೆಯುವುದು ಮೈಕ್ರೋಸ್ಕೋಪ್, ಕಂಪ್ಯೂಟರ್ ಮುಂದೆ, ಲ್ಯಾಬಿನಲ್ಲಿ. ದಯವಿಟ್ಟು ಆ ಒಂದು ಕಾರಣಕ್ಕೆ ಮಗಳ ದಾರಿ ತಪ್ಪಿಸಬೇಡಿ.

ಗೇಟ್‌ನಲ್ಲಿ ಯಾವ ಪೇಪರ್?

ಎಂ.ಟೆಕ್, ಪಿಎಚ್‌ಡಿ ಸೇರಲು ಬರೆಯುವ ದೇಶ ಮಟ್ಟದ ಪರೀಕ್ಷೆ ಗೇಟ್. ಅದರಲ್ಲಿ ಯಾವ ಪೇಪರ್ ಅಂತ ಸರಿಯಾಗಿ ಯೋಚಿಸಿದವರು ಕಡಿಮೆ. ಎಲ್ಲರೂ ಎಂಇ, ಅಂದರೆ ಮೆಕ್ಯಾನಿಕಲ್ ಪೇಪರ್ ಬರೆಯುತ್ತಾರೆ, ನಾವೂ ಬರೆಯೋಣ ಅಂತ ಹೋಗುತ್ತಾರೆ.

ಎಕ್ಸ್‌ಇ (ಎಂಜಿನಿಯರಿಂಗ್ ಸೈನ್ಸಸ್) ಅಂತ ಇನ್ನೊಂದು ಪೇಪರ್ ಇದೆ. ಅದರಲ್ಲಿ 15 ಅಂಕದ ಸಾಮಾನ್ಯ ಪ್ರಶ್ನೆಗಳು, 15 ಅಂಕದ ಎಂಜಿನಿಯರಿಂಗ್ ಗಣಿತ ಎಲ್ಲರಿಗೂ ಕಡ್ಡಾಯ. ಉಳಿದ 70 ಅಂಕಕ್ಕೆ ನೀವೇ ಎರಡು ವಿಭಾಗ ಆರಿಸಿಕೊಳ್ಳಬೇಕು, ಒಂದೊಂದಕ್ಕೆ 35. ಆ ವಿಭಾಗಗಳಲ್ಲಿ ಸಿ ಅಂದರೆ ಮೆಟೀರಿಯಲ್ಸ್ ಸೈನ್ಸ್, ಡಿ ಅಂದರೆ ಸಾಲಿಡ್ ಮೆಕ್ಯಾನಿಕ್ಸ್. ನಾವು ಮಾತಾಡುತ್ತಿರುವ ಎರಡೂ ವಿಷಯ ಒಂದೇ ಪೇಪರಿನಲ್ಲಿ! ಥರ್ಮಲ್, ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಎಲ್ಲ ಓದುವ ಗೋಜಿಲ್ಲ.

ಹಾಗಂತ ಎಲ್ಲರೂ ಎಕ್ಸ್‌ಇ ಬರೆಯಿರಿ ಅನ್ನುವುದಿಲ್ಲ. ಸಾರ್ವಜನಿಕ ವಲಯದ ಕಂಪನಿಗಳು ನೇಮಕಾತಿಗೆ ಹೆಚ್ಚಾಗಿ ಎಂಇಯನ್ನೇ ಕೇಳುತ್ತವೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಸೈಂಟಿಸ್ಟ್ ಬಿ ಹುದ್ದೆಗೂ, ಅಣು ಸಂಶೋಧನಾ ಕೇಂದ್ರ ಬಾರ್ಕ್‌ನ ತರಬೇತಿಗೂ ಮೆಕ್ಯಾನಿಕಲ್‌ನವರಿಗೆ ಎಂಇ ಸ್ಕೋರೇ ದಾರಿ. ಸಂಶೋಧನೆಯೇ ಗುರಿ, ಬೇರೆ ಯೋಚನೆ ಇಲ್ಲ ಅನ್ನುವವರಿಗೆ ಎಕ್ಸ್‌ಇ. ಸರ್ಕಾರಿ ಕೆಲಸದ ಆಸೆಯೂ ಇದ್ದರೆ ಎಂಇ. ಕೆಲವು ಜೋಡಿ ಪೇಪರ್‌ಗಳನ್ನು ಒಂದೇ ವರ್ಷ ಬರೆಯಲು ಅವಕಾಶ ಇದೆ, ಆ ವರ್ಷದ ಪಟ್ಟಿ ನೋಡಿಕೊಳ್ಳಿ. ಮೂರನೇ ವರ್ಷದಲ್ಲೇ ಗೇಟ್ ಬರೆಯಬಹುದು, ಸ್ಕೋರ್ ಮೂರು ವರ್ಷ ನಡೆಯುತ್ತದೆ. ಮೊದಲ ಸಲ ಅಭ್ಯಾಸಕ್ಕೆ ಬರೆಯಿರಿ.

ಗೇಟ್ ಕೈಕೊಟ್ಟರೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮೂಲಕ ರಾಜ್ಯದ ಕಾಲೇಜುಗಳಲ್ಲಿ ಎಂ.ಟೆಕ್ ಸಿಗುತ್ತದೆ. ಪಾಠ ಮಾಡುವ ಕೆಲಸ ಬೇಕು ಅನ್ನುವವರಿಗೆ ಅದು ಸಾಕು. ಸಂಶೋಧನೆ ಬೇಕೆಂದರೆ ಇನ್ನೊಂದು ವರ್ಷ ಕೂತು ಗೇಟ್ ಬರೆಯುವುದೇ ವಾಸಿ.

ದುಡ್ಡಿನ ಮಾತು

ಓದಿದ್ದು ಸಾಕು, ದುಡಿಯಲಿ ಅನ್ನುವ ಮನೆಗಳೇ ಜಾಸ್ತಿ, ಅದರಲ್ಲಿ ತಪ್ಪಿಲ್ಲ. ಆದರೆ ಪಿಎಚ್‌ಡಿ ಅಂದರೆ ಮನೆಯಿಂದ ದುಡ್ಡು ಹಾಕುವುದು ಅಂತ ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. 2023ರ ಜನವರಿಯಿಂದ ಕೇಂದ್ರ ಸರ್ಕಾರದ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಅದರ ಮೇಲಿನ ಹಂತ ಎಸ್‌ಆರ್‌ಎಫ್ 42,000. ಪ್ರೈಮ್ ಮಿನಿಸ್ಟರ್ಸ್ ರಿಸರ್ಚ್ ಫೆಲೋಶಿಪ್ ಸಿಕ್ಕರೆ 70,000ದಿಂದ ಶುರುವಾಗಿ 80,000ದ ತನಕ ಹೋಗುತ್ತದೆ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ಸಿಗುವುದು ತಿಂಗಳಿಗೆ 12,400 ಮಾತ್ರ. ಅದರಲ್ಲಿ ಹಾಸ್ಟೆಲ್, ಮೆಸ್ ನಡೆಯಬಹುದು, ಮನೆಗೆ ಕಳಿಸಲು ಆಗುವುದಿಲ್ಲ.

ಇದನ್ನು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಸಂಶೋಧನೆಯ ಆಸೆ ಗಟ್ಟಿಯಾಗಿದ್ದರೆ ಬಿಇ ಮುಗಿಸಿ ನೇರವಾಗಿ ಪಿಎಚ್‌ಡಿ ಸೇರುವುದು ಮನೆಯ ಲೆಕ್ಕಕ್ಕೂ ಒಳ್ಳೆಯದು. ಐಐಎಸ್‌ಸಿ, ಹಲವು ಐಐಟಿಗಳಲ್ಲಿ ಈ ದಾರಿ ಇದೆ. ಕಷ್ಟ ಏನೆಂದರೆ ಐದು ವರ್ಷ, ಕೆಲವೊಮ್ಮೆ ಆರು ವರ್ಷ ಒಂದೇ ಸಮಸ್ಯೆಯ ಜೊತೆ ಇರಬೇಕು. ಖಚಿತ ಇಲ್ಲದವರಿಗೆ ಎಂ.ಟೆಕ್ ರಿಸರ್ಚ್ ನಡುವಿನ ದಾರಿ. ಕೋರ್ಸು ಕಡಿಮೆ, ಪ್ರಬಂಧ ದೊಡ್ಡದು. ಸಂಶೋಧನೆ ಒಗ್ಗುತ್ತದಾ ಅಂತ ಅಲ್ಲೇ ತಿಳಿಯುತ್ತದೆ.

ಸರ್ಕಾರಿ ವಿಜ್ಞಾನಿ ಹುದ್ದೆಗಳಲ್ಲಿ ಶುರುವಿನ ಮೂಲ ವೇತನ 56,100, ಮೇಲೆ ಭತ್ಯೆಗಳು. ಬೆಂಗಳೂರಿನಲ್ಲೇ ವಿಮಾನ ಸಂಶೋಧನೆಯ ಎನ್‌ಎಎಲ್, ವಿಮಾನ ಎಂಜಿನ್ನಿನ ಜಿಟಿಆರ್‌ಇ, ವಿಮಾನ ವಿನ್ಯಾಸದ ಎಡಿಎ, ಇಸ್ರೋ ಕೇಂದ್ರಗಳಿವೆ. ತೂಕದ ಲೆಕ್ಕದಲ್ಲಿ ತೇಜಸ್ ಯುದ್ಧ ವಿಮಾನದ ಸುಮಾರು ಶೇಕಡಾ 45 ಭಾಗ ಕಾಂಪೋಸಿಟ್. ಆ ರೆಕ್ಕೆಗಳ ಹಿಂದೆ ಎನ್‌ಎಎಲ್‌ನ ಕೆಲಸ ಇದೆ, ಅದಕ್ಕೆ ಎರಡೂ ವಿದ್ಯೆಯವರು ಬೇಕಾದರು.

ಚಳ್ಳಕೆರೆ ನಮ್ಮದೇ ಅಲ್ವಾ?

ಹೌದು. ಕುದಾಪುರದ ಬಳಿ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಇದೆ, ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. 2024ರ ಜೂನ್‌ನಲ್ಲಿ ಇಸ್ರೋದ ಮರುಬಳಕೆಯ ರಾಕೆಟ್ ವಾಹನ ಪುಷ್ಪಕ್ ಇಲ್ಲಿ ಗಂಟೆಗೆ 320 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ರನ್‌ವೇ ಮುಟ್ಟಿತು. ಅಷ್ಟು ವೇಗದಲ್ಲಿ ನೆಲ ಮುಟ್ಟಿದಾಗ ಲ್ಯಾಂಡಿಂಗ್ ಗೇರ್ ಎಷ್ಟು ಬಲ ತಡೆಯಬೇಕು ಅನ್ನುವುದು ಶುದ್ಧ ಸಾಲಿಡ್ ಮೆಕ್ಯಾನಿಕ್ಸ್ ಪ್ರಶ್ನೆ. ಇಂಥದ್ದು ನಮ್ಮ ಜಿಲ್ಲೆಯಲ್ಲಿ ನಡೆಯುತ್ತದೆ ಅನ್ನುವುದು ನನಗೆ ನಿಜಕ್ಕೂ ಹೆಮ್ಮೆ. ಆದರೆ ಹತ್ತಿರ ಇದೆ ಅಂತ ಕೆಲಸ ಸಿಗುವುದಿಲ್ಲ. ವಿಜ್ಞಾನಿ ಹುದ್ದೆಗಳ ನೇಮಕಾತಿ ದೇಶ ಮಟ್ಟದ ಪರೀಕ್ಷೆಯಿಂದಲೇ.

ಹೊರದೇಶ

ಅಮೆರಿಕದಲ್ಲಿ ಎಂಎಸ್ ಅಂದರೆ ಸಾಮಾನ್ಯವಾಗಿ ಸ್ವಂತ ದುಡ್ಡು, ಅದೂ ದೊಡ್ಡ ಸಾಲ. ಪಿಎಚ್‌ಡಿಗೆ ಸೇರಿದರೆ ಬಹುತೇಕ ಫೀಸ್ ಮನ್ನಾ, ಸ್ಟೈಪೆಂಡ್ ಕೊಡುತ್ತಾರೆ. ಸಾಲಿಡ್ ಮೆಕ್ಯಾನಿಕ್ಸ್‌ನವರು ಒಂದು ಗಮನಿಸಬೇಕು: ಅಲ್ಲಿನ ರಕ್ಷಣೆ, ಬಾಹ್ಯಾಕಾಶ ಕಂಪನಿಗಳಲ್ಲಿ ಬಹಳಷ್ಟು ಕೆಲಸಗಳು ಆ ದೇಶದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಮೆಟೀರಿಯಲ್ಸ್‌ನವರಿಗೆ ಬ್ಯಾಟರಿ, ಚಿಪ್ ಕಡೆ ಈ ತೊಡಕು ಕಡಿಮೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್‌ಗೆ ಬೋಧನಾ ಶುಲ್ಕ ಇಲ್ಲ, ಆದರೆ ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ಬ್ಲಾಕ್ಡ್ ಖಾತೆಯಲ್ಲಿ ತೋರಿಸಬೇಕು, ಭಾರತದವರಿಗೆ ಅಂಕಪಟ್ಟಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು. ಅಲ್ಲಿ ಪಿಎಚ್‌ಡಿ ಮಾಡುವವರನ್ನು ಹೆಚ್ಚಾಗಿ ಸಂಬಳದ ಮೇಲೆ ಇಟ್ಟುಕೊಳ್ಳುತ್ತಾರೆ. ಮನೆ ಅಡವಿಡದೆ ಹೊರಗೆ ಹೋಗಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಜರ್ಮನಿ.

ನಾನು ಯಾರಿಗೆ ಯಾವುದು ಹೇಳುತ್ತೇನೆ

ಗಣಿತ ಇಷ್ಟ, ಕೋಡ್ ಬರೆಯಲು ಬೇಜಾರಿಲ್ಲ, ಕರ್ನಾಟಕದಲ್ಲೇ ಇರಬೇಕು ಅನ್ನುವವರಿಗೆ ಸಾಲಿಡ್ ಮೆಕ್ಯಾನಿಕ್ಸ್. ಸಿವಿಲ್‌ನವರಿಗೂ ಇದು ಸಲೀಸು. ಪಿಯುಸಿಯಲ್ಲಿ ಕೆಮಿಸ್ಟ್ರಿ ಖುಷಿ ಕೊಟ್ಟಿತ್ತು, ಲ್ಯಾಬಿನಲ್ಲಿ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ, ದೂರದ ಊರಿಗೆ ಹೋಗಲು ತಯಾರು ಅನ್ನುವವರಿಗೆ ಮೆಟೀರಿಯಲ್ಸ್. ಬಿಇಯಲ್ಲಿ ಮೆಟಲರ್ಜಿ ಓದಿಲ್ಲ ಅಂತ ಹಿಂಜರಿಯಬೇಡಿ, ಮೆಕ್ಯಾನಿಕಲ್‌ನಿಂದ ಆ ಕಡೆ ಹೋದವರು ಬಹಳ ಮಂದಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಮೆಟಲರ್ಜಿ ವಿಭಾಗ ಇದೆ. ಎರಡೂ ಇಷ್ಟ ಅನ್ನುವವರು ನಡುವಿನ ವಿಷಯ ಹುಡುಕಿ: ಫ್ರಾಕ್ಚರ್, ಫೆಟೀಗ್, ಕಾಂಪೋಸಿಟ್. 1954ರಲ್ಲಿ ಕಾಮೆಟ್ ಅನ್ನುವ ಪ್ರಯಾಣಿಕ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದಾಗ, ಒಂದು ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಹಾಕಿ ಪರೀಕ್ಷೆ ಮಾಡಿದರು. ಬಿರುಕು ಹುಟ್ಟಿದ್ದು ಕಿಟಕಿಯಂಥ ತೆರಪುಗಳ ಮೂಲೆಯಲ್ಲಿ. ಆಕಾರದ್ದೂ ಲೋಹದ್ದೂ ಸೇರಿ ಆದ ತಪ್ಪು ಅದು, ಅದನ್ನು ಬಿಡಿಸಲು ಎರಡೂ ಗೊತ್ತಿರುವವರೇ ಬೇಕಾಯಿತು.

ತೀರ್ಮಾನಕ್ಕೆ ಮುಂಚೆ ಮೇಲೆ ಹೇಳಿದ ಎರಡು ಕೆಲಸಗಳನ್ನೂ, ಎಲ್ ಬ್ರಾಕೆಟ್ ಮತ್ತು ಇಎನ್8 ತುಂಡು, ಒಂದೇ ತಿಂಗಳಲ್ಲಿ ಮಾಡಿ ನೋಡಿ. ಯಾರೂ ಹೇಳದೆ ಯಾವುದನ್ನು ಎರಡನೇ ಸಲ ಮಾಡಿದಿರಿ ಅನ್ನುವುದನ್ನು ಗಮನಿಸಿ. ಮೂರನೇ ವರ್ಷದವರು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಇರಬಹುದು, ಸ್ಟೈಪೆಂಡೂ ಇದೆ. ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ, ಬೇಸಿಗೆ ಬಂದ ಮೇಲೆ ಹುಡುಕಿದರೆ ತಡ. ಕೊನೆಯ ವರ್ಷದ ಪ್ರಾಜೆಕ್ಟಿಗೆ ರಾಜ್ಯದ ವಿಜ್ಞಾನ ತಂತ್ರಜ್ಞಾನ ಮಂಡಳಿ ಕೆಎಸ್‌ಸಿಎಸ್‌ಟಿ ಧನಸಹಾಯ ಕೊಡುತ್ತದೆ, ಗೈಡ್ ಮೂಲಕ ಕಾಲೇಜಿನಿಂದಲೇ ಪ್ರಸ್ತಾವ ಹೋಗಬೇಕು.

ಪ್ರೊಫೆಸರ್‌ಗಳಿಗೆ ಮೇಲ್ ಬರೆಯುವಾಗ ಒಂದೇ ಒಕ್ಕಣೆಯನ್ನು ಐವತ್ತು ಜನಕ್ಕೆ ಕಳಿಸಬೇಡಿ. ಒಬ್ಬರ ಒಂದು ಪ್ರಬಂಧ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಜಾಗದ ಬಗ್ಗೆ ಕೇಳಿ, ನೀವು ಮಾಡಿದ ಪ್ರಯೋಗದ ಒಂದು ಚಿತ್ರ ಲಗತ್ತಿಸಿ. ನೈಟಾಲ್ ಹಾಕಿ ತೆಗೆದ ಇಎನ್8 ಚಿತ್ರವಾದರೂ ಸರಿ, ಮೆಶ್ ಸಣ್ಣ ಮಾಡಿದಂತೆ ಏರುತ್ತಾ ಹೋದ ಒತ್ತಡದ ಗ್ರಾಫ್ ಆದರೂ ಸರಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಮುಂದಿನವರಿಗೆ ಬರೆಯಿರಿ.